ಪೇಂಟ್ ಕ್ರೇಯಾನ್ ಗೋಡೆಗೂ ಆಗುತ್ತಾ, ಬಟ್ಟೆಗೂ ಆಗುತ್ತಾ?

ಪ್ರಶ್ನೆ: ಗೋಡೆ ಚಿತ್ರ ಬರೆಯುವ ಗೆಳೆಯರ ಜೊತೆ ಸೇರಿ ಈಚೆಗೆ ಪೇಂಟ್ ಕ್ರೇಯಾನ್ ಬಳಸಲು ಶುರು ಮಾಡಿದ್ದೇನೆ. ಕಬ್ಬಿಣದ ಶಟರ್ ಮೇಲೆ, ಒರಟು ಗೋಡೆ ಮೇಲೆ ಅದು ಬರೆಯುವ ರೀತಿ ತುಂಬಾ ಇಷ್ಟವಾಯಿತು. ಆದರೆ ಮಾರನೇ ದಿನ ಮುಟ್ಟಿದರೂ ಕೈಗೆ ಬಣ್ಣ ಹತ್ತುತ್ತದೆ. ಡ್ರಾಯಿಂಗ್ ಹಾಳೆಯಲ್ಲಿ ಗೆರೆಗಳ ಸುತ್ತ ಎಣ್ಣೆ ಕಲೆ ಮೂಡಿದೆ. ಎರಡು ವಾರ ಬಿಟ್ಟು ತೆಗೆದ ಕಡ್ಡಿಯಂತೂ ಬರೆಯುವುದೇ ಇಲ್ಲ. ನನಗೆ ಸಿಕ್ಕಿದ್ದು ಕಳಪೆ ಮಾಲೇ? ಇದನ್ನು ಟೀ ಶರ್ಟ್, ಕ್ಯಾನ್ವಾಸ್ ಮೇಲೆ ಬಳಸಬಹುದೇ? ಬೀದಿ ಗೋಡೆ ಮೇಲೆ ಎಷ್ಟು ಕಾಲ ಉಳಿಯುತ್ತದೆ? ಮುಂದೆ ಯಾವ ಬಣ್ಣಗಳನ್ನು ಕೊಳ್ಳಲಿ?

ಉತ್ತರ: ಮಾಲು ಕಳಪೆಯಲ್ಲ. ಮೂರು ತೊಂದರೆ ಹೇಳಿದ್ದೀರಿ, ಮೂರಕ್ಕೂ ಮೂಲ ಒಂದೇ. ನಿಮ್ಮ ಕೈಯಲ್ಲಿರುವುದು ಎಣ್ಣೆ ಬಣ್ಣ. ಕಡ್ಡಿಯ ರೂಪದಲ್ಲಿದೆ, ಅಷ್ಟೇ. ನೀವು ಅದನ್ನು ಶಾಲೆಯ ಮೇಣದ ಕ್ರೇಯಾನ್ ಥರ ಬಳಸುತ್ತಿದ್ದೀರಿ. ಎಣ್ಣೆ ಬಣ್ಣಕ್ಕೆ ಕೊಡುವ ಸಮಯ, ತಯಾರಿ ಇದಕ್ಕೂ ಕೊಟ್ಟರೆ ಮುಕ್ಕಾಲು ಪಾಲು ಗೊಂದಲ ತಾನಾಗಿ ಹೋಗುತ್ತದೆ.

ಕಡ್ಡಿಯೊಳಗೆ ಏನಿದೆ ನೋಡೋಣ. ಬಣ್ಣದ ಪುಡಿ, ಒಣಗುವ ಗುಣದ ಎಣ್ಣೆ, ಎರಡನ್ನೂ ಗಟ್ಟಿಯಾಗಿ ಹಿಡಿದಿಡಲು ಮೇಣ. ಎಣ್ಣೆ ಹೆಚ್ಚಾಗಿ ಅಗಸೆ ಎಣ್ಣೆ. ಅದು ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ತೆಳ್ಳಗೆ ಎಳೆದ ಗೆರೆ ಮುಟ್ಟುವ ಹಾಗಾಗಲು ಒಂದರಿಂದ ಮೂರು ದಿನ ಬೇಕು. ಉಗುರಿನಷ್ಟು ದಪ್ಪ ಬಳಿದರೆ ವಾರಗಟ್ಟಲೆ ಬೇಕು, ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗೇ ಇರುತ್ತದೆ. ಚಳಿ ಇದ್ದರೆ, ಗಾಳಿಯಾಡದ ಕೋಣೆಯಾದರೆ ಇನ್ನೂ ತಡ. ಬಣ್ಣಕ್ಕೆ ತಕ್ಕಂತೆಯೂ ವ್ಯತ್ಯಾಸ ಇದೆ. ಅಂಬರ್ ಥರದ ಮಣ್ಣಿನ ಕಂದು ಬಣ್ಣಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತವೆ. ಟೈಟೇನಿಯಂ ಬಿಳಿ, ಇಂಗಾಲದ ಕಪ್ಪು ಎರಡೂ ಸೋಮಾರಿಗಳು. ಹಾಗಾಗಿ ಮಾರನೇ ದಿನ ಕೈಗೆ ಹತ್ತಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರಡು ವಾರ ಬಿಟ್ಟ ಕಡ್ಡಿ ಬರೆಯದಿರುವುದೂ ಇದೇ ಕಾರಣಕ್ಕೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅದರ ಹೊರಮೈ ಮೇಲೆ ಪೊರೆ ಕಟ್ಟಿದೆ. ಒಳಗಿನ ಬಣ್ಣ ಹಸಿಯಾಗಿಯೇ ಇದೆ, ಆ ಪೊರೆಯೇ ಅದನ್ನು ಕಾಪಾಡುತ್ತಿದೆ. ಸಣ್ಣ ಚಾಕುವಿನಿಂದ ತುದಿಯನ್ನಷ್ಟೇ ಹೆರೆಯಿರಿ. ಇಲ್ಲವೇ ದಪ್ಪ ಪೇಪರ್ ಟವೆಲ್‌ನಲ್ಲಿ ತುದಿ ಹಿಡಿದು ಚಿವುಟಿ ತಿರುಚಿ, ಪೊರೆ ಕಳಚಿ ಬರುತ್ತದೆ. ಇಡೀ ಕಡ್ಡಿಯನ್ನು ಸುಲಿಯಲು ಹೋಗಬೇಡಿ, ಬಣ್ಣ ದಂಡ. ಹೊಸ ಕಡ್ಡಿಯಲ್ಲೂ ಈ ಪೊರೆ ಇರುತ್ತದೆ. ಎಷ್ಟೋ ಜನ ಮೊದಲ ಸಲ ಅದು ಗೊತ್ತಿಲ್ಲದೆ ಒತ್ತಿ ಒತ್ತಿ ಗೀಚಿ, ಬರೆಯಲ್ಲ ಅಂತ ಎಸೆದುಬಿಡುತ್ತಾರೆ. ಹೆರೆದ ಪೊರೆಯ ಚೂರುಗಳನ್ನು ಆಗಲೇ ಒಂದು ಕಾಗದದಲ್ಲಿ ಮಡಚಿಡಿ. ಕಾಲಿಗೆ ಅಂಟಿ ಮನೆಯೆಲ್ಲ ಓಡಾಡುವುದರಲ್ಲಿ ಅವು ಎತ್ತಿದ ಕೈ.

ಹಾಳೆಯ ಮೇಲಿನ ಎಣ್ಣೆ ಕಲೆಗೆ ಬರುವ ಮುಂಚೆ ಒಂದು ಮಾತು. ಅಂಗಡಿಯಲ್ಲಿ ನೋಡಲು ಇದರ ಹಾಗೇ ಇರುವ ಬೇರೆ ಸಾಮಾನುಗಳಿವೆ, ಬೆರೆಸಿಬಿಡಬೇಡಿ. ಆಯಿಲ್ ಪ್ಯಾಸ್ಟೆಲ್ ಅಂಥದ್ದೊಂದು. ಅದರಲ್ಲಿರುವುದು ಒಣಗದ ಎಣ್ಣೆ. ಹತ್ತು ವರ್ಷ ಬಿಟ್ಟರೂ ಉಜ್ಜಿದರೆ ಹರಡುತ್ತದೆ. ಜಪಾನಿನ ಸಕುರಾ ಕಂಪನಿ 1925ರಲ್ಲಿ ಅದನ್ನು ಮಕ್ಕಳ ಚಿತ್ರಕಲೆಗೆಂದು ತಂದಿತು. 1949ರಲ್ಲಿ ಪ್ಯಾರಿಸ್ಸಿನ ಸೆನೆಲಿಯೆ ಅಂಗಡಿಯವರು ಪಿಕಾಸೊಗಾಗಿ ಕಲಾವಿದರ ದರ್ಜೆಯದನ್ನು ತಯಾರಿಸಿದರು. ಚೆಂದದ ಸಾಮಾನು, ಆದರೆ ಬೀದಿಗೆ, ಬಟ್ಟೆಗೆ ಹೇಳಿದ್ದಲ್ಲ. ಮೇಣದ ಕ್ರೇಯಾನ್ ಗೋಡೆ ಮೇಲೆ ಜಾರುತ್ತದೆ, ಬಿಸಿಲಿಗೆ ಕರಗುತ್ತದೆ. ಮರಕ್ಕೆ ಗುರುತು ಹಾಕುವ ಕ್ರೇಯಾನ್ ಬೇರೆ, ಅದರಲ್ಲಿ ಜೇಡಿಮಣ್ಣು, ಮೇಣ ಇರುತ್ತದೆ. ಕೈಯಲ್ಲಿರುವುದು ಪೇಂಟ್ ಕ್ರೇಯಾನೋ ಆಯಿಲ್ ಪ್ಯಾಸ್ಟೆಲ್ಲೋ ಅಂತ ಅನುಮಾನ ಬಂದರೆ ಗಾಜಿನ ಮೇಲೆ ಒಂದು ಗೆರೆ ಎಳೆದು ವಾರ ಬಿಟ್ಟು ಬೆರಳಿನಿಂದ ಉಜ್ಜಿ. ಗಟ್ಟಿಯಾಗಿದ್ದರೆ ಪೇಂಟ್ ಕ್ರೇಯಾನ್. ಆಗಲೂ ಹರಡಿದರೆ ಅದು ಬೇರೆ ಜಾತಿ.

ಪೇಂಟ್ ಕ್ರೇಯಾನ್‌ನಲ್ಲೇ ಮತ್ತೆ ಎರಡು ಬಗೆ. ಒಂದು ಕಲಾವಿದರಿಗೆಂದು ಮಾಡಿದ ಆಯಿಲ್ ಸ್ಟಿಕ್. ಬಣ್ಣದ ಪುಡಿ ಜಾಸ್ತಿ, ಮೆತ್ತಗೆ, ಬೆಣ್ಣೆಯಂತೆ ಜಾರುತ್ತದೆ, ಬೆಲೆಯೂ ಜಾಸ್ತಿ. ಇನ್ನೊಂದು ಕಾರ್ಖಾನೆ, ಟೈರು, ಉಕ್ಕಿನ ತಗಡು, ಮರದ ದಿಮ್ಮಿಗಳಿಗೆ ಗುರುತು ಹಾಕಲು ಮಾಡಿದ್ದು. ಗಟ್ಟಿ ಕಡ್ಡಿ, ಆಯ್ಕೆಗೆ ಬಣ್ಣ ಕಡಿಮೆ, ಆದರೆ ತುಕ್ಕು, ಎಣ್ಣೆ ಪಸೆ, ಒದ್ದೆ ಯಾವುದರ ಮೇಲೂ ಬರೆಯುತ್ತದೆ. ಇಂಥವನ್ನು ಮಾಡುವ ಮಾರ್ಕಲ್ ಕಂಪನಿಯ ಕಡ್ಡಿಯೊಂದನ್ನು ಸುಮಾರು ಮೈನಸ್ 46ರಿಂದ 66 ಡಿಗ್ರಿ ಸೆಲ್ಸಿಯಸ್ ವರೆಗೆ ಬಳಸಬಹುದು. ಈ ಬಗೆಯಲ್ಲಿ ಕೆಲವು ನಿಮಿಷಗಳಲ್ಲೇ ಒಣಗುವಂಥವೂ ಇವೆ, ಲೇಬಲ್ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ. ಬೀದಿ ಕೆಲಸ ಮಾಡುವವರು ಕಾರ್ಖಾನೆ ಬಗೆಯನ್ನು ಇಷ್ಟಪಡುವುದು ಸುಮ್ನೆ ಅಲ್ಲ. ಅಮೆರಿಕದ ಗೂಡ್ಸ್ ರೈಲು ಡಬ್ಬಿಗಳ ಮೇಲೆ ರೈಲ್ವೆ ಕೆಲಸಗಾರರು, ಕದ್ದು ರೈಲು ಹತ್ತುವ ಅಲೆಮಾರಿಗಳು ತಮ್ಮ ಪುಟ್ಟ ಚಿತ್ರ, ಅಡ್ಡಹೆಸರು ಬರೆಯುವ ಸಂಪ್ರದಾಯ ಸ್ಪ್ರೇ ಡಬ್ಬಿ ಹುಟ್ಟುವುದಕ್ಕೂ ಹಳೆಯದು. ಮೊದಲು ಸೀಮೆಸುಣ್ಣ, ಆಮೇಲೆ ಇದೇ ಕಾರ್ಖಾನೆ ಕಡ್ಡಿ. ಡಬ್ಬಿಗೆ ಗುರುತು ಹಾಕಲು ಕೈಗೆ ಕೊಟ್ಟ ಸಾಮಾನಿನಲ್ಲೇ ಅವರು ಚಿತ್ರ ಬರೆದರು.

ಇದು ಬೀದಿಯ ಸಾಮಾನು ಮಾತ್ರ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಬೀದಿ ಗೋಡೆಗಳಲ್ಲಿ ಬರೆದು ಬೆಳೆದ ಜಾನ್ ಮಿಶೆಲ್ ಬಾಸ್ಕಿಯಾ ಕ್ಯಾನ್ವಾಸ್‌ಗೆ ಬಂದ ಮೇಲೆ ಆಯಿಲ್ ಸ್ಟಿಕ್ ಕೈಬಿಡಲಿಲ್ಲ. 1982ರಲ್ಲಿ ಅವರು ಬರೆದ ತಲೆಯ ಚಿತ್ರವೊಂದು 2017ರ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಅದರಲ್ಲಿರುವುದು ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ), ಸ್ಪ್ರೇ, ಆಯಿಲ್ ಸ್ಟಿಕ್. ಅಡಿಗೆ ಅಕ್ರಿಲಿಕ್, ಮೇಲೆ ಆಯಿಲ್ ಸ್ಟಿಕ್ ಅನ್ನುವ ಕ್ರಮದ ಬಗ್ಗೆ ಕೆಳಗೆ ಹೇಳುತ್ತೇನೆ. ಶಿಲ್ಪಿ ರಿಚರ್ಡ್ ಸೆರಾ ಇನ್ನೊಂದು ತುದಿ. ಅವರು ಕಪ್ಪು ಪೇಂಟ್ ಕ್ರೇಯಾನ್‌ಗಳನ್ನು ಕರಗಿಸಿ ಇಟ್ಟಿಗೆಯಷ್ಟು ದೊಡ್ಡ ಗಟ್ಟಿಗಳಾಗಿ ಮಾಡಿ, ಎರಡು ಕೈಯಲ್ಲಿ ಹಿಡಿದು ದೊಡ್ಡ ಹಾಳೆಗೆ ಒತ್ತಿ ಬಳಿಯುತ್ತಿದ್ದರು. ಚಿತ್ರದ ಮೈ ಡಾಂಬರಿನ ಹಾಗೆ ದಪ್ಪ. ಕರಗಿಸುವ ಆ ಕೆಲಸ ಮನೆಯಲ್ಲಿ ಮಾಡಬೇಡಿ, ಹೊಗೆಯೂ ಬೆಂಕಿಯೂ ಅಪಾಯ.

ಈಗ ಗೋಡೆ. ಮೊದಲು ಅನುಮತಿ. ಬೇರೆಯವರ ಗೋಡೆ ಮೇಲೆ ಕೇಳದೆ ಬರೆಯುವುದು ಹೆಚ್ಚಿನ ಕಡೆ ಅಪರಾಧ. ಅನುಮತಿಯನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ತೆಗೆದುಕೊಳ್ಳಿ. ಹಳೆಯ ಕಲ್ಲಿನ ಕಟ್ಟಡ, ಸ್ಮಾರಕಗಳ ಹತ್ತಿರ ಮಾತ್ರ ಅನುಮತಿ ಸಿಕ್ಕರೂ ಹೋಗಬೇಡಿ. ಎಣ್ಣೆ ಕಲ್ಲಿನ ರಂಧ್ರಗಳೊಳಗೆ ಇಳಿಯುತ್ತದೆ. ಮೇಲಿನ ಬಣ್ಣ ತೆಗೆದರೂ ಒಳಗಿನ ನೆರಳು ಹೋಗುವುದಿಲ್ಲ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಗೋಡೆಯ ಧೂಳು ಕಡ್ಡಿಯ ದೊಡ್ಡ ಶತ್ರು. ಎಣ್ಣೆ ತುದಿಗೆ ಧೂಳು ಅಂಟಿದರೆ ನಾಲ್ಕು ಗೆರೆಗೆ ಅದು ಮರಳು ಕಾಗದ ಆಗುತ್ತದೆ. ಗಟ್ಟಿ ಬ್ರಷ್‌ನಿಂದ ಗುಡಿಸಿ, ಸಡಿಲ ಸುಣ್ಣ ಬಣ್ಣ ಇದ್ದರೆ ಹೆರೆದು ತೆಗೆಯಿರಿ. ಹೊಸದಾಗಿ ಗಾರೆ ಮಾಡಿದ ಗೋಡೆ ಅಂದರೆ ಕಾಯಿರಿ. ಹಸಿ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ, ಅದು ಅಗಸೆ ಎಣ್ಣೆಯನ್ನು ಸಾಬೂನಾಗಿಸಿಬಿಡುತ್ತದೆ. ಬಣ್ಣ ಅಂಟಂಟಾಗಿ ಕಿತ್ತು ಬರುತ್ತದೆ. ಕಡಿಮೆ ಅಂದರೂ ನಾಲ್ಕು ವಾರ ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಬಳಿದು ಆಮೇಲೆ ಬರೆಯಿರಿ.

ಒರಟು ಗೋಡೆಯ ಮೇಲೆ ಕಡ್ಡಿ ಉಬ್ಬುಗಳಿಗಷ್ಟೇ ಬಣ್ಣ ಹಚ್ಚುತ್ತದೆ, ತಗ್ಗು ಬೋಳಾಗಿ ಉಳಿಯುತ್ತದೆ. ನಿಮಗೆ ಇಷ್ಟವಾಗಿದ್ದು ಬಹುಶಃ ಇದೇ. ಆ ಮುರುಕು ಗೆರೆಯೇ ಇದರ ಸೊಗಸು, ಸ್ಪ್ರೇಗೆ ಅದು ಬರುವುದಿಲ್ಲ. ದಯವಿಟ್ಟು ತುಂಬಿಸಿ ತುಂಬಿಸಿ ಅದನ್ನು ಸಾಯಿಸಬೇಡಿ. ತುಂಬಿಸಲೇಬೇಕಾದ ಜಾಗದಲ್ಲಿ ಕಡ್ಡಿಯನ್ನು ತಿಕ್ಕುತ್ತಾ ಕೂರುವ ಬದಲು, ಬಣ್ಣ ಹಚ್ಚಿ ಒರಟು ಕೂದಲಿನ ಬ್ರಷ್‌ನಿಂದ ಒಳಗೆ ತಳ್ಳಿ. ಒಂದು ಇಡೀ ಗೋಡೆಯನ್ನು ಬರೀ ಕಡ್ಡಿಯಿಂದ ಮಾಡಲು ಹೊರಡುವುದು ತೋಳಿಗೂ ಜೇಬಿಗೂ ನಷ್ಟ. ದೊಡ್ಡ ಬಣ್ಣದ ಹರವನ್ನು ಹೊರಗೋಡೆಯ ಎಮಲ್ಷನ್‌ನಲ್ಲಿ ಅಥವಾ ಸ್ಪ್ರೇನಲ್ಲಿ ಮಾಡಿ, ಪೂರ್ತಿ ಒಣಗಲು ಬಿಡಿ. ಗೆರೆ, ಅಕ್ಷರ, ಕಣ್ಣಿನ ಹೊಳಪು, ಕೂದಲಿನ ಎಳೆ ಇವಕ್ಕೆ ಕಡ್ಡಿ ಇಟ್ಟುಕೊಳ್ಳಿ.

ಈ ಕ್ರಮ ತಿರುಗುಮುರುಗು ಆಗಬಾರದು. ಎಮಲ್ಷನ್, ಅಕ್ರಿಲಿಕ್ ಥರದ ನೀರಿನ ಬಣ್ಣದ ಮೇಲೆ ಎಣ್ಣೆ ಕೂರುತ್ತದೆ. ಎಣ್ಣೆ ಮತ್ತು ಮೇಣದ ಮೇಲೆ ನೀರಿನ ಬಣ್ಣ ಕೂರುವುದಿಲ್ಲ, ಇವತ್ತು ಕೂತಂತೆ ಕಂಡರೂ ಮುಂದೆ ಸಿಪ್ಪೆ ಏಳುತ್ತದೆ. ಹಸಿ ಕಡ್ಡಿ ಗೆರೆಗಳ ಮೇಲೆ ಸ್ಪ್ರೇ ಹೊಡೆದರೆ ಸ್ಪ್ರೇಯಲ್ಲಿರುವ ದ್ರಾವಕ ಅವನ್ನು ಕರಗಿಸಿ ಸುಕ್ಕು ಮಾಡುತ್ತದೆ. ಸ್ಟ್ರೀಟ್ ಆರ್ಟ್‌ನಲ್ಲಿ ನಾನು ಜಾಸ್ತಿ ಕಾಣುವ ಕೆಡುಕು ಇದೇ: ಕೊನೆಗೆ ತಿದ್ದೋಣ ಅಂತ ಕಡ್ಡಿ ಗೆರೆ ಮೇಲೆ ಎಮಲ್ಷನ್ ಬಳಿಯುವುದು.

ಶಟರ್ ವಿಷಯ ಬೇರೆ. ನುಣುಪು ಕಬ್ಬಿಣ, ಗಾಜು, ಟೈಲ್ಸ್ ಎಣ್ಣೆ ಹೀರುವುದಿಲ್ಲ. ಬಣ್ಣ ಮೇಲೇ ಕೂರುತ್ತದೆ, ಉಗುರಿನಲ್ಲಿ ಕೆರೆದರೆ ಬರುತ್ತದೆ. ಶಟರ್ ಅಂತೂ ದಿನಾ ಸುರುಳಿ ಸುತ್ತಿ ತಿಕ್ಕಾಡುತ್ತದೆ. ಅಲ್ಲಿ ತೆಳ್ಳಗೆ ಬರೆಯಿರಿ. ಆಮೇಲೆ ಒಂದೆರಡು ದಿನ ಶಟರ್ ಎತ್ತದೆ ಬಿಡಲು ಆಗುತ್ತಾ ಅಂತ ಅಂಗಡಿಯವರನ್ನು ಮೊದಲೇ ಕೇಳಿ. ಬಿಸಿಲು ಹೊಡೆಯುವ ಕಬ್ಬಿಣದ ಮೇಲೆ ಮೆತ್ತನೆ ಕಡ್ಡಿ ಗೊಜ್ಜಾಗುತ್ತದೆ. ಬೆಳಿಗ್ಗೆ ಹೊತ್ತು ಒಳ್ಳೆಯದು.

ಎಷ್ಟು ಕಾಲ ಉಳಿಯುತ್ತದೆ? ಇಷ್ಟೇ ವರ್ಷ ಅಂತ ಹೇಳುವವರನ್ನು ನಂಬಬೇಡಿ. ಅದು ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಮೇಲ್ಮೈ ಎಣ್ಣೆ ಹೀರುತ್ತದೋ ಇಲ್ಲವೋ, ನೇರ ಬಿಸಿಲು ಎಷ್ಟು, ಜನರ ಕೈ, ಮೈ ಎಷ್ಟು ತಾಗುತ್ತದೆ, ಯಾವ ಬಣ್ಣದ ಪುಡಿ. ಒಣಗಿದ ಮೇಲೆ ಮಳೆಗೆ ಅದು ಹೆದರುವುದಿಲ್ಲ. ಬಣ್ಣಕ್ಕೆ ಬಿಸಿಲಿನ ಭಯ ಇದೆ. ಮಣ್ಣಿನ ಕೆಂಪು, ಹಳದಿ, ಕಪ್ಪು, ಬಿಳಿ ಗಟ್ಟಿಗರು. ಫ್ಲೋರೊಸೆಂಟ್ ಗುಲಾಬಿ, ಹಸಿರು ಎಷ್ಟು ಕಣ್ಣು ಕುಕ್ಕುತ್ತವೋ ಅಷ್ಟೇ ಬೇಗ ಮಂಕಾಗುತ್ತವೆ. ಬಿಸಿಲಿನ ಗೋಡೆಗೆ ಅವು ಬೇಡ. ಕೆಲವು ಕಟ್ಟಡಗಳ ಗೋಡೆಗೆ ಬರಹ ಅಂಟದ ಲೇಪ ಬಳಿದಿರುತ್ತಾರೆ. ಅದರ ಮೇಲೆ ಬರೆದದ್ದು ಒರೆಸಿದರೆ ಹೋಯಿತು.

ಬೇಗ ಅಳಿಯಬೇಕು ಅನ್ನುವ ಕೆಲಸವೇ ಆದರೆ ಈ ಕಡ್ಡಿಯೇ ಬೇಡ, ಸೀಮೆಸುಣ್ಣ ಸಾಕು. ಅಮೆರಿಕದ ಕಲಾವಿದ ಕೀತ್ ಹ್ಯಾರಿಂಗ್ 1980ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ಸಬ್‌ವೇ ನಿಲ್ದಾಣಗಳಲ್ಲಿ ಖಾಲಿ ಜಾಹೀರಾತು ಫಲಕಗಳ ಕಪ್ಪು ಕಾಗದದ ಮೇಲೆ ಬಿಳಿ ಸೀಮೆಸುಣ್ಣದಲ್ಲೇ ಅಷ್ಟೊಂದು ಚಿತ್ರ ಬರೆದರು.

ಇನ್ನು ನಿಮ್ಮ ಹಾಳೆಯ ಕಲೆ. ಕಾಗದ ಎಣ್ಣೆಯನ್ನು ಗೆರೆಯಿಂದ ಎಳೆದುಕೊಂಡಿದೆ. ನೋಡಲು ಹಾಳು ಅನ್ನುವುದಷ್ಟೇ ಅಲ್ಲ, ವರ್ಷಗಳು ಹೋದ ಹಾಗೆ ಆ ಎಣ್ಣೆ ಕಾಗದವನ್ನು ಹಳದಿ ಮಾಡಿ, ಪುಡಿ ಪುಡಿಯಾಗಿಸುತ್ತದೆ. ದಪ್ಪ ಹಾಳೆ ತೆಗೆದುಕೊಂಡು ಬಣ್ಣಕ್ಕೆ ಮುಂಚೆ ಹಚ್ಚುವ ಬಿಳಿ ತಳಲೇಪ ಜೆಸ್ಸೋವನ್ನು ಎರಡು ಸಲ ಬಳಿಯಿರಿ. ಬಿಳಿ ಬೇಡ, ಕಾಗದದ ಬಣ್ಣವೇ ಕಾಣಬೇಕು ಅಂದರೆ ಪಾರದರ್ಶಕ ಅಕ್ರಿಲಿಕ್ ಮೀಡಿಯಂ ಬಳಿಯಿರಿ. ಒಣಗಿದ ಮೇಲೆ ಬರೆದರೆ ಕಲೆ ಹರಡುವುದಿಲ್ಲ. ಸ್ಕೆಚ್ ಪುಸ್ತಕದಲ್ಲಿ ಅಭ್ಯಾಸಕ್ಕೆ ಬರೆಯುತ್ತಿದ್ದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ, ಎದುರು ಪುಟಕ್ಕೆ ಬಟರ್ ಪೇಪರ್ ಇಟ್ಟರಾಯಿತು.

ಕ್ಯಾನ್ವಾಸ್‌ಗೆ ಧಾರಾಳವಾಗಿ ಬಳಸಿ. ಪ್ರೈಮ್ ಮಾಡಿದ್ದು ಆಗಿರಬೇಕು, ಅಷ್ಟೇ. ಟ್ಯೂಬಿನ ಎಣ್ಣೆ ಬಣ್ಣದ ಜೊತೆ ಬೆರೆಯುತ್ತದೆ. ಆದರೆ ಮೇಣ ಇರುವ ದಪ್ಪ ಪದರವನ್ನು ಅಡಿಗೆ ಹಾಕಿ ಅದರ ಮೇಲೆ ತೆಳು ಬಣ್ಣ ಬಳಿಯಬೇಡಿ. ಮೇಲಿನ ಪದರ ಮೊದಲು ಒಣಗಿ, ಅಡಿಯದು ಆಮೇಲೆ ಅಲುಗಾಡಿ, ಬಿರುಕು ಬಿಡುತ್ತದೆ. ಕಡ್ಡಿ ಮೇಲಿನ ಪದರಗಳಿಗೆ. ನನಗೆ ಇದರಲ್ಲಿ ಬಹಳ ಇಷ್ಟದ ಕೆಲಸ ಕೆರೆಯುವುದು. ಅಡಿಗೆ ತಿಳಿ ಅಕ್ರಿಲಿಕ್, ಒಣಗಿದ ಮೇಲೆ ಅದರ ಮೇಲೆ ಗಾಢ ಬಣ್ಣದ ಕಡ್ಡಿ ಪೂರ್ತಿ ಬಳಿದು, ಹಸಿ ಇರುವಾಗಲೇ ಬ್ರಷ್‌ನ ಹಿಂಬದಿಯಿಂದ ಗೆರೆ ಕೊರೆಯಿರಿ. ಅಡಿಯ ಬಣ್ಣ ಹೊಳೆಯುತ್ತಾ ಎದ್ದು ಬರುತ್ತದೆ. ಟರ್ಪೆಂಟೈನ್‌ನಲ್ಲಿ ಅದ್ದಿದ ಬ್ರಷ್ ಎಳೆದರೆ ಕಡ್ಡಿ ಗೆರೆ ಕರಗಿ ನೆರಳಿನ ಹಾಗೆ ಹರಡುತ್ತದೆ, ಅದನ್ನೂ ಮಾಡಿ ನೋಡಿ. ವಾರ್ನಿಷ್‌ಗೆ ಮಾತ್ರ ಅವಸರ ಬೇಡ. ಆರು ತಿಂಗಳಾದರೂ ಕಾಯಿರಿ, ದಪ್ಪಗಿದ್ದರೆ ಒಂದು ವರ್ಷ. ಗಾಜಿನ ಚೌಕಟ್ಟು ಹಾಕುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಜಾಗ ಬಿಡಿಸಿ.

ಬಟ್ಟೆಗೆ ಇದು ಎಷ್ಟು ಒಳ್ಳೆಯದು ಅನ್ನುವುದು ಗೋಡೆ ಚಿತ್ರದವರಿಗೆ ಜಾಸ್ತಿ ಗೊತ್ತಿರುವುದಿಲ್ಲ. ಹೊಲಿಗೆ, ಕೌದಿ ಕೆಲಸ ಮಾಡುವವರು ಚೆನ್ನಾಗಿ ಬಲ್ಲರು. ಟೀ ಶರ್ಟ್ ಹತ್ತಿಯದಾಗಿದ್ದರೆ ಒಳ್ಳೆಯದು. ಮೊದಲು ಒಗೆಯಿರಿ, ಮೃದುವಾಗಲು ಹಾಕುವ ಕಂಡೀಷನರ್ ಹಾಕಬೇಡಿ. ಒಳಗೆ ರಟ್ಟು ಇಟ್ಟು ಬಟ್ಟೆಯನ್ನು ಬಿಗಿಯಾಗಿ ಎಳೆದು ಟೇಪ್ ಹಾಕಿ. ಕಡ್ಡಿಯನ್ನು ನೇರ ಬಟ್ಟೆಗೆ ಒತ್ತಿ ಗೀಚಿದರೆ ಬಣ್ಣ ಗಂಟು ಗಂಟಾಗುತ್ತದೆ. ಅದಕ್ಕಿಂತ ಕೊರೆಯಚ್ಚಿನ (ಸ್ಟೆನ್ಸಿಲ್) ಅಂಚಿನ ಮೇಲೆ ಕಡ್ಡಿ ಹಚ್ಚಿ, ಗಟ್ಟಿ ಬ್ರಷ್‌ನಿಂದ ಅಂಚಿನಿಂದ ಒಳಕ್ಕೆ ಎಳೆಯಿರಿ. ಅಂಚು ಗಾಢ, ನಡುವೆ ತಿಳಿಯಾಗಿ ಚಂದ ಬರುತ್ತದೆ. ಇಲ್ಲವೇ ಬಟ್ಟೆಯಡಿ ನರ ಎದ್ದ ಎಲೆ, ಜಾಲರಿ, ದಾರದ ವಿನ್ಯಾಸ ಇಟ್ಟು ಕಡ್ಡಿಯ ಪಕ್ಕದಿಂದ ಹಗುರಾಗಿ ಉಜ್ಜಿ. ಅಡಿಯ ಅಚ್ಚು ಮೂಡುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ನೆಲದ ಮರದ ಹಲಗೆಗಳ ಮೇಲೆ ಕಾಗದ ಇಟ್ಟು ಉಜ್ಜಿ ಶುರುಮಾಡಿದ್ದು ಇದೇ ತಂತ್ರ. ಬರೆದಾದ ಮೇಲೆ ಮೂರರಿಂದ ಐದು ದಿನ ಮುಟ್ಟದೆ ಬಿಡಿ. ಆಮೇಲೆ ಕೆಳಗೂ ಮೇಲೂ ಬೇಕಿಂಗ್ ಪೇಪರ್ ಇಟ್ಟು, ಬಟ್ಟೆ ತಡೆಯುವಷ್ಟು ಬಿಸಿಯಲ್ಲಿ ಒಂದೊಂದು ಜಾಗಕ್ಕೆ ಹತ್ತು ಹದಿನೈದು ಸೆಕೆಂಡ್ ಇಸ್ತ್ರಿ ಒತ್ತಿ. ಕಿಟಕಿ ತೆರೆದಿರಲಿ, ಎಣ್ಣೆ ವಾಸನೆ ಬರುತ್ತದೆ. ಆಮೇಲೆ ತಣ್ಣೀರಿನಲ್ಲಿ ಒಗೆಯಬಹುದು. ಡ್ರೈ ಕ್ಲೀನಿಂಗ್‌ಗೆ ಕೊಡಬೇಡಿ, ಅಲ್ಲಿನ ದ್ರಾವಕ ಬಣ್ಣವನ್ನೇ ಎತ್ತಿಬಿಡುತ್ತದೆ. ಕಾರ್ಖಾನೆ ಬಗೆಯ ಕಡ್ಡಿ ಬಟ್ಟೆಗೆ ಬೇಡ, ಮೈಗೆ ತಾಗುವ ಕಡೆ ಅದರ ಬಣ್ಣದ ಪುಡಿ ಯಾವುದು ಅನ್ನುವುದು ಮುಖ್ಯ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ್ದು ಒಂದಿದೆ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಗೋಡೆ ಮೇಲೆ ಆ ಬಿಸಿ ಗಾಳಿಗೆ ಹೋಗುತ್ತದೆ. ಕೈ, ಬ್ರಷ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಸೇರುತ್ತಾ ಹೋಗಿ, ಯಾರೂ ಕಿಡಿ ಹಚ್ಚದೆ ತಾನೇ ಹೊತ್ತಿಕೊಳ್ಳಬಹುದು. ಎಣ್ಣೆ ಬಣ್ಣ ಬಳಸುವ ಸ್ಟುಡಿಯೋಗಳಲ್ಲಿ ಇದು ನಿಜವಾದ ಅಪಾಯ. ಒರೆಸಿದ ಬಟ್ಟೆಯನ್ನು ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ. ಬ್ಯಾಗಿನಲ್ಲಿ ತುರುಕಿ ಮನೆಗೆ ತರಬೇಡಿ.

ಕೈಗೆ ಹತ್ತಿದ ಬಣ್ಣಕ್ಕೆ ಟರ್ಪೆಂಟೈನ್ ಹಾಕಿ ಉಜ್ಜಬೇಡಿ. ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸಾಬೂನು ಸಾಕು. ತೆಳು ಕೈಗವಸು ಹಾಕಿಕೊಂಡರೆ ಅದೂ ಬೇಡ. ಕ್ಯಾಡ್ಮಿಯಂ ಥರದ ಲೋಹಗಳಿರುವ ಬಣ್ಣ ಇದ್ದರೆ ಕೈಗವಸು ಕಡ್ಡಾಯ ಅಂದುಕೊಳ್ಳಿ, ಒಣಗಿದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ. ಚಿಕ್ಕ ಮಕ್ಕಳ ಕೈಗೆ ಕಾರ್ಖಾನೆ ಕಡ್ಡಿ ಕೊಡಬೇಡಿ.

ಕೊಳ್ಳುವ ವಿಷಯ. ಹನ್ನೆರಡು ಬಣ್ಣದ ಪೆಟ್ಟಿಗೆ ಕಣ್ಣಿಗೆ ಹಬ್ಬ, ಆದರೆ ಅರ್ಧ ಕಡ್ಡಿಗಳು ಪೊರೆ ಕಟ್ಟಿಕೊಂಡು ಹಾಗೇ ಉಳಿಯುತ್ತವೆ. ಗೋಡೆಗೆ ಕಾರ್ಖಾನೆ ಬಗೆಯ ಕಪ್ಪು ಎರಡು, ಬಿಳಿ ಎರಡು, ಮಣ್ಣು ಕೆಂಪು ಒಂದು ತೆಗೆದುಕೊಳ್ಳಿ. ಬಿಳಿ ಬಹಳ ಬೇಗ ಮುಗಿಯುತ್ತದೆ, ಬೇರೆ ಬಣ್ಣ ತಾಗಿ ಕೊಳಕಾಗುವುದೂ ಅದೇ, ಅದಕ್ಕೇ ಎರಡು. ಕ್ಯಾನ್ವಾಸ್, ಬಟ್ಟೆಗೆ ಕಲಾವಿದರ ಬಗೆಯಲ್ಲಿ ನಿಮಗೆ ಬೇಕಾದ ಮೂರು ಬಣ್ಣ ಬಿಡಿಯಾಗಿ ಕೊಳ್ಳಿ. ಅವುಗಳ ಜೊತೆ ಬಣ್ಣವೇ ಇಲ್ಲದ ಬ್ಲೆಂಡರ್ ಕಡ್ಡಿ ಒಂದು ಇರಲಿ. ಗೆರೆಯನ್ನು ತಿಳಿ ಮಾಡಲು, ಎರಡು ಬಣ್ಣ ಸೇರಿಸಲು ಅದು ಬೇಕೇ ಬೇಕು. ಗಟ್ಟಿಯಾದ ಹಳೆಯ ಕಡ್ಡಿಯನ್ನೂ ಎಸೆಯಬೇಡಿ, ಪೊರೆ ಚಿವುಟಿ ನೋಡಿ, ಇನ್ನೂ ಬಹಳ ಕಾಲ ಬರೆಯುತ್ತದೆ.